ಸೋತವನು ಸಾಯಲೇಬೇಕೆ?

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಮಾತನ್ನು ನಮ್ಮ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು ಎಚ್ಚರಿಕೆಗಾಗಿ ಹೇಳುತ್ತಿದ್ದರು. ಅಣ್ಣತಮ್ಮಂದಿರು ಬದುವಿಗಾಗಿ ಜಗಳವಾಡಿ ವಕೀಲರ ಮನೆಗೆ ಹೊರಟರೆ, ತಡೆಯುವುದಕ್ಕೆ ಅದೊಂದು ಮಾತು ಸಾಕಾಗುತ್ತಿತ್ತು. ಈಗ ಆ ಮಾತಿನ ಎರಡನೆಯ ಅರ್ಧವನ್ನೇ ಕಾನೂನು ಮಾಡಿ ಎಂದು ಓದಿದವರು, ಕಾನೂನು ಬಲ್ಲವರು, ನ್ಯಾಯಾಂಗದ ಸುಧಾರಣೆ ಬಯಸುವವರು ಕೇಳುತ್ತಿದ್ದಾರೆ.

ಅವರ ವಾದ ಕೇಳುವುದಕ್ಕೆ ಸರಳವಾಗಿದೆ. ನಮ್ಮಲ್ಲಿ ಕೇಸು ಸೋತವರು ಎದುರಾಳಿಗೆ ಕೊಡಬೇಕಾದ ದಾವೆ ಖರ್ಚು ತೀರಾ ಕಡಿಮೆ. ಅದಕ್ಕೇ ಹುರುಳಿಲ್ಲದ ದಾವೆಗಳು ಕೋರ್ಟಿಗೆ ಬಂದು ಬೀಳುತ್ತಿವೆ. ಗೆದ್ದವನು ತನ್ನ ವಕೀಲರಿಗೆ ನಿಜವಾಗಿ ಎಷ್ಟು ಕೊಟ್ಟಿದ್ದಾನೋ ಅಷ್ಟನ್ನೂ ಸೋತವನಿಂದ ವಸೂಲು ಮಾಡಿಸಿದರೆ ಸುಳ್ಳು ಕೇಸುಗಳು ತಾವಾಗಿಯೇ ನಿಲ್ಲುತ್ತವೆ. ವಿಚಾರಗೋಷ್ಠಿಗಳಲ್ಲಿ ಈ ಮಾತಿಗೆ ಚಪ್ಪಾಳೆ ಬೀಳುತ್ತದೆ. ಇದನ್ನು ಪ್ರಶ್ನಿಸಿದವರು ಸುಳ್ಳು ಕೇಸು ಹಾಕುವವರ ಪರ ಎನ್ನಿಸಿಕೊಳ್ಳುತ್ತಾರೆ. ಆದರೂ ನಾನು ಪ್ರಶ್ನಿಸುತ್ತೇನೆ. ಗೆದ್ದವನ ಬಿಲ್ಲನ್ನು ಸೋತವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದು ಬಡವರ ಮುಖಕ್ಕೆ ಕೋರ್ಟಿನ ಬಾಗಿಲು ಹಾಕುವ ಕೆಲಸ.

ನಾನು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. 2012ರಲ್ಲಿ ನಮ್ಮ ಬೀದಿಯ ಅಕ್ಕ ಒಬ್ಬರು ತಂದೆಯ ನಾಲ್ಕು ಎಕರೆಯಲ್ಲಿ ತಮ್ಮ ಭಾಗ ಕೇಳಿ ತಾಲ್ಲೂಕು ಕೋರ್ಟಿನಲ್ಲಿ ದಾವೆ ಹೂಡಿದರು. ಅಕ್ಷರ ಬಲ್ಲವನೆಂದು ನನ್ನನ್ನು ವಕೀಲರ ಕಚೇರಿಗೆ ಜೊತೆಗೆ ಕರೆದುಕೊಂಡು ಹೋಗಿದ್ದರು. ಪಹಣಿ, ವಂಶವೃಕ್ಷ, ತಂದೆಯ ಮರಣ ಪತ್ರ ಎಲ್ಲವೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ, ರೇಷನ್ ಕಾರ್ಡಿನ ಜೊತೆಗೇ ಇದ್ದವು. ಹಿಂದಿನ ವಾರ ಕಡಸು ಮಾರಿದ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿ ತಂದಿದ್ದರು. ಎಂಟು ಸಾವಿರ ರೂಪಾಯಿ. ಅದನ್ನು ಬಿಚ್ಚಿ ಮೇಜಿನ ಮೇಲಿಡುವ ಮೊದಲು ಅವರು ವಕೀಲರನ್ನು ಒಂದೇ ಒಂದು ಮಾತು ಕೇಳಿದರು: “ಸ್ವಾಮಿ, ನಾನೇನಾದ್ರೂ ಸೋತ್ರೆ, ನನ್ ತಮ್ಮನ ಲಾಯರ್ ದುಡ್ಡೂ ನಾನೇ ಕೊಡ್ಬೇಕಾ?”

ತಮ್ಮ ಬೆಂಗಳೂರಿನಿಂದ ವಕೀಲರನ್ನು ಕರೆಸುತ್ತಾನಂತೆ ಎಂಬ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ವಕೀಲರು ಕನ್ನಡಕ ತೆಗೆದು ಅಕ್ಕನನ್ನೇ ನೋಡಿ, “ಇಲ್ಲಮ್ಮ, ಭಾಗದ ದಾವೆಯಲ್ಲಿ ಹಾಗೆ ಮಾಡೋದಿಲ್ಲ, ಅವರವರ ಖರ್ಚು ಅವರವರದ್ದು” ಎಂದರು. ಅಕ್ಕ ಆಮೇಲೆ ಗಂಟು ಬಿಚ್ಚಿದರು. ಆ ‘ಇಲ್ಲಮ್ಮ’ ಎಂಬ ಒಂದು ಮಾತು ಇರದಿದ್ದರೆ ಆ ದಾವೆಯೇ ಹುಟ್ಟುತ್ತಿರಲಿಲ್ಲ.

ಮುಂದಿನದನ್ನು ಕೇಳಿ. ಅವರ ತಂದೆ ತೀರಿಕೊಂಡದ್ದು 2003ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು. ಅದಕ್ಕೂ ಮೊದಲು ಮದುವೆಯಾಗಿದ್ದವರಿಗೆ ಆ ಹಕ್ಕು ಇರಲಿಲ್ಲ. ಅಕ್ಕನ ಮದುವೆ ಅದಕ್ಕಿಂತ ಎಷ್ಟೋ ಮೊದಲು ಆಗಿತ್ತು. ಮದುವೆಯ ಆ ಷರತ್ತಿಲ್ಲದ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ತಾಲ್ಲೂಕು ಕೋರ್ಟು ಅದನ್ನು ನಂಬಿ ಅಕ್ಕನಿಗೆ ಎರಡು ಎಕರೆ ಕೊಟ್ಟಿತು. ಅಷ್ಟರಲ್ಲಿ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿ ಜಾರಿಗೆ ಬಂದ ತಾರೀಖಿಗೆ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಸಮಪಾಲು ಎಂದಿತು. ಮೇಲ್ಮನವಿಯಲ್ಲಿ ಅಕ್ಕನ ಪಾಲು ಒಂದು ಎಕರೆಗೆ ಇಳಿಯಿತು. ಅವರು ಹೈಕೋರ್ಟಿಗೆ ಹೋದರು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕೆಂಬ ನಿಯಮವೇ ಇಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ತೀರ್ಪು ಕೊಟ್ಟಿತು. ಅಕ್ಕನ ಎರಡು ಎಕರೆ ಅಕ್ಕನಿಗೇ ಬಂತು.

ಹಾಗಾದರೆ ನಡುವಿನ ವರ್ಷಗಳಲ್ಲಿ ಅವರು ಸೋತಿದ್ದರಲ್ಲ, ಆಗ ಅವರ ಕೇಸು ಸುಳ್ಳಾಗಿತ್ತೆ? ಜಮೀನು ಅದೇ, ತಂದೆ ಅವರೇ, ಮಗಳೂ ಅವಳೇ. ಬದಲಾದದ್ದು ಕಾನೂನಿನ ಅರ್ಥ ಮಾತ್ರ. ಆ ಗೊಂದಲವನ್ನು ಬಿಡಿಸಲು ದೇಶದ ಅತ್ಯುನ್ನತ ನ್ಯಾಯಾಲಯಕ್ಕೇ 15 ವರ್ಷ ಬೇಕಾಯಿತು. ಅದರ ದಂಡವನ್ನು ಕಡಸು ಮಾರಿ ಬಂದ ಹೆಂಗಸು ಏಕೆ ತೆರಬೇಕು? ಮೇಲ್ಮನವಿಯಲ್ಲಿ ಸೋತ ದಿನವೇ ತಮ್ಮನ ಬೆಂಗಳೂರು ವಕೀಲರ ಬಿಲ್ಲು ಅವರ ಹೆಸರಿಗೆ ಬಿದ್ದಿದ್ದರೆ, ಮುಂದಿನ ಮೆಟ್ಟಿಲು ಹತ್ತಲು ಅವರಿಗೆ ಕಾಲೆಲ್ಲಿರುತ್ತಿತ್ತು? ಉಳಿದಿದ್ದ ಒಂದು ಎಕರೆಯೂ ಜಪ್ತಿಗೆ ಹೋಗುತ್ತಿತ್ತು. ಆಮೇಲೆ ಬಂದ ತೀರ್ಪು ಓದುವುದಕ್ಕೆ ಚೆನ್ನಾಗಿರುತ್ತಿತ್ತು, ಅಷ್ಟೆ.

ಇದು ನನ್ನ ಮೊದಲ ಆರೋಪ. ಈ ವಾದ ಸೋಲನ್ನೂ ಸುಳ್ಳನ್ನೂ ಒಂದೇ ಎಂದು ಎಣಿಸುತ್ತದೆ. ಪ್ರತಿ ದಾವೆಯಲ್ಲೂ ಒಬ್ಬರು ಸೋಲಲೇಬೇಕು. ಸಾಕ್ಷಿ ತೀರಿಕೊಂಡಿರಬಹುದು, ಪತ್ರ ಗೆದ್ದಲು ತಿಂದಿರಬಹುದು, ಕಾನೂನಿನಲ್ಲೇ ಎರಡು ಅರ್ಥ ಇರಬಹುದು. ತಾಲ್ಲೂಕು ಕೋರ್ಟು ಒಂದು ಹೇಳಿ, ಜಿಲ್ಲಾ ಕೋರ್ಟು ಇನ್ನೊಂದು ಹೇಳಿ, ಹೈಕೋರ್ಟು ಮತ್ತೊಂದು ಹೇಳುವ ಕೇಸುಗಳು ದಿನವೂ ಇವೆ. ನ್ಯಾಯಾಧೀಶರ ನಡುವೆಯೇ ಒಮ್ಮತವಿಲ್ಲದ ಪ್ರಶ್ನೆಯನ್ನು ಕೇಳಿದ್ದು ಅಪರಾಧವಾಗುವುದು ಹೇಗೆ?

ಎರಡನೆಯ ಆರೋಪ ಬಿಲ್ಲಿನದೇ. ವಕೀಲರ ಬಿಲ್ಲು ಏನನ್ನು ಹೇಳುತ್ತದೆ? ಕೇಸಿಗೆ ಎಷ್ಟು ಕೆಲಸ ಬೇಕಿತ್ತು ಎಂದಲ್ಲ, ಕಕ್ಷಿದಾರನ ಜೇಬಿನಲ್ಲಿ ಎಷ್ಟಿತ್ತು ಎಂದು ಹೇಳುತ್ತದೆ. ಹಣವಿದ್ದವನು ಹಿರಿಯ ವಕೀಲರನ್ನು ಇಡುತ್ತಾನೆ. ಹಿರಿಯ ವಕೀಲರು ಒಬ್ಬರೇ ಬರುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರು ಇರಲೇಬೇಕು. ಹಾಜರಾತಿಗೊಂದು ಫೀಸು, ಮುಂಚಿನ ದಿನದ ಸಮಾಲೋಚನೆಗೊಂದು ಫೀಸು, ಕಡತ ಓದಿದ್ದಕ್ಕೊಂದು ಫೀಸು, ಗುಮಾಸ್ತರಿಗೊಂದಿಷ್ಟು. ಇಷ್ಟೆಲ್ಲ ಕೂಡಿಸಿದ ಮೊತ್ತವನ್ನು ‘ನಿಜವಾದ ಖರ್ಚು’ ಎಂದು ಕೋರ್ಟಿನ ಮುಂದಿಡುತ್ತಾರೆ. ಖರ್ಚು ಮಾಡಿದ್ದು ನಿಜ. ಮಾಡಲೇಬೇಕಿತ್ತೆ? ಕೆಂಪು ಬಸ್ಸು ಹೋಗುವ ಊರಿಗೆ ಒಬ್ಬ ಕಾರು ಮಾಡಿಕೊಂಡು ಹೋದರೆ ಅದು ಅವನಿಷ್ಟ. ಪೆಟ್ರೋಲಿನ ದುಡ್ಡನ್ನು ಬಸ್ಸಿನಲ್ಲಿ ಬಂದವನಿಂದ ಕೇಳಿದರೆ ಯಾವ ಪಂಚಾಯಿತಿ ಒಪ್ಪುತ್ತದೆ?

ಇದು ಕಲ್ಪನೆಯ ಭಯವಲ್ಲ, ನಡೆದಿದೆ. 2005ರಲ್ಲಿ ಸುಪ್ರೀಂ ಕೋರ್ಟು ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ಕೊಡಿಸುವ ಖರ್ಚು ವಾಸ್ತವಕ್ಕೆ ಹತ್ತಿರವಾಗಿರಬೇಕು, ಅದರಲ್ಲಿ ವಕೀಲರ ಶುಲ್ಕವೂ ಸೇರಬೇಕು, ಅದಕ್ಕಾಗಿ ಹೈಕೋರ್ಟುಗಳು ನಿಯಮ ಮಾಡಬೇಕು ಎಂದಿತು. ಒಳ್ಳೆಯ ಉದ್ದೇಶದಿಂದ ಆಡಿದ ಮಾತೇ. ಅದನ್ನು ಹಿಡಿದುಕೊಂಡು ದೆಹಲಿ ಹೈಕೋರ್ಟಿನ ಪೀಠವೊಂದು ಒಬ್ಬ ಕಕ್ಷಿದಾರನ ಮೇಲೆ ಹೊರಿಸಿದ ಖರ್ಚು ಎಷ್ಟು ಗೊತ್ತೆ? 45 ಲಕ್ಷದ 28 ಸಾವಿರ ರೂಪಾಯಿ. ಮುಖ್ಯ ದಾವೆಯಾದರೂ ತೀರ್ಮಾನವಾಗಿತ್ತೆ? ಅದೂ ಇಲ್ಲ. ಒಂದು ಮಧ್ಯಂತರ ಆದೇಶದ ವಿರುದ್ಧ ಹೂಡಿದ ಮೇಲ್ಮನವಿಯಲ್ಲಿ ಸೋತದ್ದಕ್ಕೆ ಇಷ್ಟು. ಎದುರಾಳಿ ತನ್ನ ವಕೀಲರಿಗೆ ಅಷ್ಟು ಕೊಟ್ಟಿದ್ದೇನೆ ಎಂದು ಲೆಕ್ಕ ಒಪ್ಪಿಸಿದ್ದೇ ಆಧಾರ.

2011ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಕರ್ನಾಟಕ ಹೈಕೋರ್ಟಿನಲ್ಲಿ ಹತ್ತು ವರ್ಷಕ್ಕೂ ಮೇಲೆ ನ್ಯಾಯಮೂರ್ತಿಯಾಗಿದ್ದ ಆರ್.ವಿ. ರವೀಂದ್ರನ್ ಆ ಪೀಠದಲ್ಲಿದ್ದರು. ದುಬಾರಿ ವಕೀಲರ ಪಡೆಯನ್ನೇ ಕಟ್ಟಿಕೊಳ್ಳಬಲ್ಲವರ ಐಷಾರಾಮದ ವೆಚ್ಚವನ್ನು ವಾಸ್ತವದ ಖರ್ಚು ಎನ್ನಲಾಗದು, ನಿಯಮಗಳು ಹೇಳುವಷ್ಟನ್ನೇ ಕೊಡಿಸಬಹುದು ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳಿತು. ಆದರೆ ಒಂದು ವಿಷಯ ಗಮನಿಸಿ. ಆ ಕಕ್ಷಿದಾರನಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇತ್ತು, ಅದಕ್ಕೇ ಉಳಿದ. ಶಕ್ತಿ ಇಲ್ಲದವನ ಗತಿ ಏನು?

ಆ ತೀರ್ಪಿನಿಂದ ಪಾಠ ಕಲಿತೆವೆ? ನಾಲ್ಕೇ ವರ್ಷಕ್ಕೆ, 2015ರಲ್ಲಿ, ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂತು. ವಾಣಿಜ್ಯ ವ್ಯಾಜ್ಯಗಳಲ್ಲಿ ಸೋತವನು ಗೆದ್ದವನ ಖರ್ಚು ಕೊಡುವುದೇ ಸಾಮಾನ್ಯ ನಿಯಮವೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಮನ್ನು ತಿದ್ದಿದರು. ವಕೀಲರ ಶುಲ್ಕವನ್ನೂ ಅದರೊಳಗೆ ಸೇರಿಸಿದರು. ಆಗ ಅದು ಒಂದು ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ವ್ಯವಹಾರಗಳಿಗೆ ಮಾತ್ರ ಇತ್ತು. ದೊಡ್ಡವರ ಜಗಳ, ದೊಡ್ಡವರ ದುಡ್ಡು ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2018ರಲ್ಲಿ ಆ ಮಿತಿಯನ್ನು 3 ಲಕ್ಷಕ್ಕೆ ಇಳಿಸಿದರು. ಮೂರು ಲಕ್ಷ ಎಂದರೆ ಯಾರ ಜಗಳ? ಪೀಣ್ಯದಲ್ಲಿ ಒಂದು ಲೇಥ್ ಇಟ್ಟುಕೊಂಡು ದೊಡ್ಡ ಕಂಪನಿಗೆ ಬಿಡಿಭಾಗ ಮಾಡಿಕೊಟ್ಟು ಬಾಕಿಗಾಗಿ ಕಾಯುತ್ತಿರುವವನದು. ಹುಬ್ಬಳ್ಳಿಯ ಸಗಟು ವ್ಯಾಪಾರಿಗೆ ಸರಕು ಕೊಟ್ಟ ಸಣ್ಣ ಉತ್ಪಾದಕನದು. ಕಂಪನಿಯ ವಕೀಲರು ಕಾರಿಡಾರಿನಲ್ಲಿ ಅವನನ್ನು ನಿಲ್ಲಿಸಿ, “ಸೋತರೆ ನಮ್ಮ ಫೀಸೂ ನಿಮ್ಮ ಮೇಲೇ” ಎಂದರೆ ಸಾಕು. ಮೂರೂವರೆ ಲಕ್ಷದ ಬಾಕಿಯನ್ನು ಒಂದು ಲಕ್ಷಕ್ಕೆ ಒಪ್ಪಿಕೊಂಡು ಅವನು ಮನೆಗೆ ಹೋಗುತ್ತಾನೆ. ಯಾವ ತೀರ್ಪೂ ಇಲ್ಲದೆ, ಯಾವ ದಾಖಲೆಯೂ ಇಲ್ಲದೆ ನಡೆಯುವ ಅನ್ಯಾಯ ಇದು. ಇಂಥವನ್ನೂ ‘ವ್ಯಾಜ್ಯ ಕಡಿಮೆಯಾಯಿತು’ ಎಂದು ಲೆಕ್ಕ ಹಾಕುತ್ತೀರಾ?

ಮೂರನೆಯ ಆರೋಪ: ಈ ಪದ್ಧತಿಯನ್ನು ಯಾರನ್ನು ನೋಡಿ ಕಲಿಯುತ್ತಿದ್ದೇವೋ ಅವರೇ ಅದರಿಂದ ಕೈ ಸುಟ್ಟುಕೊಂಡಿದ್ದಾರೆ. ಸೋತವನು ಖರ್ಚು ಕೊಡಬೇಕೆಂಬುದು ಇಂಗ್ಲೆಂಡಿನ ಹಳೆಯ ನಿಯಮ. ಅಲ್ಲಿ ರೂಪದರ್ಶಿ ನವೋಮಿ ಕ್ಯಾಂಪ್‌ಬೆಲ್ ಖಾಸಗಿತನದ ಉಲ್ಲಂಘನೆಗಾಗಿ ಒಂದು ಪತ್ರಿಕೆಯ ಮೇಲೆ ಹೂಡಿದ ದಾವೆಯಲ್ಲಿ ಸಿಕ್ಕ ಪರಿಹಾರ 3,500 ಪೌಂಡ್. ಪತ್ರಿಕೆಯ ಮುಂದೆ ಬಂದ ಖರ್ಚಿನ ಪಟ್ಟಿ 10 ಲಕ್ಷ ಪೌಂಡಿಗೂ ಮೇಲೆ. ಗೆದ್ದರೆ ವಕೀಲರಿಗೆ ಸಿಗುವ ಹೆಚ್ಚುವರಿ ಶುಲ್ಕವನ್ನೂ ಸೋತವರೇ ಕೊಡಬೇಕೆಂಬ ಆಗಿನ ನಿಯಮ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 2011ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಬೇಕಾಯಿತು.

ಸಫೋಕ್ ಪ್ರಾಂತದಲ್ಲಿ ಒಂದು ಸಣ್ಣ ಮನೆ. ಪಕ್ಕದಲ್ಲಿ ಮೋಟಾರು ಪಂದ್ಯದ ಮೈದಾನ. ಶಬ್ದ ತಡೆಯಲಾರದೆ ಮನೆಯವರು ಕೋರ್ಟಿಗೆ ಹೋಗಿ ಗೆದ್ದರು. ಖರ್ಚಿನ ಪಟ್ಟಿ ತಯಾರಾದಾಗ ವಕೀಲರ ಶುಲ್ಕ, ಗೆಲುವಿನ ಹೆಚ್ಚುವರಿ ಶುಲ್ಕ, ಸೋತರೆ ಇರಲೆಂದು ಮಾಡಿಸಿದ್ದ ವಿಮೆಯ ಕಂತು ಎಲ್ಲ ಸೇರಿ 10 ಲಕ್ಷ ಪೌಂಡ್ ದಾಟಿತ್ತು. ಆ ಮನೆಯನ್ನೇ ಕೊಂಡುಕೊಂಡಿದ್ದರೂ ಅಷ್ಟಾಗುತ್ತಿರಲಿಲ್ಲ. ಸೋತವರು ಅದರ ಶೇ 60ರಷ್ಟನ್ನು ಭರಿಸಬೇಕೆಂದು ಆದೇಶವಾಯಿತು. ಇಂಗ್ಲೆಂಡಿನ ಕೋರ್ಟಿಗೇ ಬಂದ ಇನ್ನೊಂದು ಪ್ರಕರಣ ಐವರಿ ಕೋಸ್ಟಿನ ಅಬಿಜಾನ್ ನಗರದ್ದು. 2006ರಲ್ಲಿ ಅಲ್ಲಿ ಸುರಿದ ವಿಷತ್ಯಾಜ್ಯದಿಂದ ಕಾಯಿಲೆ ಬಿದ್ದ ಸುಮಾರು 30,000 ಜನರಿಗೆ ಟ್ರಾಫಿಗುರಾ ಕಂಪನಿ ರಾಜಿಯಲ್ಲಿ ಒಪ್ಪಿದ್ದು ಸುಮಾರು 3 ಕೋಟಿ ಪೌಂಡ್, ಎಂದರೆ ತಲೆಗೆ ಒಂದು ಸಾವಿರ. ಅವರ ವಕೀಲರು ಕಂಪನಿಯಿಂದ ಕೇಳಿದ ಖರ್ಚು ಸುಮಾರು 10.5 ಕೋಟಿ ಪೌಂಡ್. ಕೇಳಿದ್ದೆಲ್ಲ ಸಿಗದಂತೆ ಮೇಲ್ಮನವಿ ನ್ಯಾಯಾಲಯ ಕಡಿವಾಣ ಹಾಕಿದ್ದು ಬೇರೆ ಮಾತು. ಕೇಳುವ ಧೈರ್ಯ ಎಲ್ಲಿಂದ ಬಂತು? ‘ನಿಜವಾದ ಖರ್ಚು ಸೋತವನ ಮೇಲೆ’ ಎಂಬ ಪದ್ಧತಿಯಿಂದಲೇ ಬಂತು. ನೊಂದವರ ಪಾಲಿಗಿಂತ ವಕೀಲರ ಪಾಲು ಮೂರು ಪಟ್ಟು ಹೆಚ್ಚಿದ್ದರೆ, ಆ ದಾವೆ ನಡೆದದ್ದು ಯಾರಿಗಾಗಿ?

ನಾಲ್ಕನೆಯದು, ಗಂಟೆ ಲೆಕ್ಕದ ರೋಗ. ಇಂಗ್ಲೆಂಡಿನ ಸಾಲಿಸಿಟರುಗಳು ಆರಾರು ನಿಮಿಷದ ತುಂಡುಗಳಲ್ಲಿ ಕೆಲಸವನ್ನು ಬರೆದಿಡುತ್ತಾರೆ. ಲಂಡನ್ನಿನ ದೊಡ್ಡ ವಾಣಿಜ್ಯ ಕೇಸುಗಳಲ್ಲಿ ಅನುಭವಿ ವಕೀಲರಿಗೆ ಕೋರ್ಟಿನ ಮಾರ್ಗಸೂಚಿ ದರವೇ 2025ರಲ್ಲಿ ಗಂಟೆಗೆ 566 ಪೌಂಡ್. ನಮ್ಮ ಲೆಕ್ಕದಲ್ಲಿ 50 ಸಾವಿರ ರೂಪಾಯಿ ಮೀರುತ್ತದೆ. ಗಂಟೆಗೆ ದುಡ್ಡು ಎಂದ ಮೇಲೆ ಬೇಗ ಮುಗಿಸಿದವನಿಗೆ ನಷ್ಟ, ಎಳೆದವನಿಗೆ ಲಾಭ. ಆ ದರವಾದರೂ ಎಲ್ಲಿಂದ ಹುಟ್ಟುತ್ತದೆ? ಹಣದ ಮುಖ ನೋಡದ ಕಂಪನಿಗಳು ಕೊಡುವುದನ್ನೇ ‘ಮಾರುಕಟ್ಟೆ ದರ’ ಎನ್ನುತ್ತಾರೆ. ಮಾರುಕಟ್ಟೆ ದರವೆಂದ ಮೇಲೆ ನ್ಯಾಯಾಲಯ ಅದನ್ನು ‘ಸಮಂಜಸ’ ಎನ್ನುತ್ತದೆ. ನ್ಯಾಯಾಲಯವೇ ಒಪ್ಪಿದ ಮೇಲೆ ಮುಂದಿನ ವರ್ಷ ಅದೇ ಬುನಾದಿಯಾಗಿ ಇನ್ನೊಂದು ಮಹಡಿ ಏಳುತ್ತದೆ. ಈ ಇಡೀ ಸುತ್ತಿನಲ್ಲಿ ದುಡ್ಡು ಕೊಡುವ ಸೋತವನನ್ನು ಯಾರಾದರೂ ಒಂದು ಮಾತು ಕೇಳುತ್ತಾರೆಯೆ? ತನ್ನ ವಕೀಲರ ಜೊತೆ ಅವನು ಚೌಕಾಸಿ ಮಾಡಬಹುದು. ಎದುರಾಳಿಯ ವಕೀಲರ ಜೊತೆ ಹೇಗೆ ಮಾಡುತ್ತಾನೆ?

ಐದನೆಯದು, ಬಿಲ್ಲು ಪರೀಕ್ಷಿಸುವುದೇ ಇನ್ನೊಂದು ದಾವೆಯಾಗುತ್ತದೆ. ಇಂಗ್ಲೆಂಡಿನಲ್ಲಿ ಖರ್ಚಿನ ಪಟ್ಟಿ ಬರೆಯುವುದಕ್ಕೇ ಬೇರೆ ವಕೀಲರಿದ್ದಾರೆ, ಅದನ್ನು ತೂಗುವುದಕ್ಕೇ ಬೇರೆ ನ್ಯಾಯಾಧೀಶರಿದ್ದಾರೆ. ಪಟ್ಟಿಗೆ ಆಕ್ಷೇಪಣೆ, ಆಕ್ಷೇಪಣೆಗೆ ಉತ್ತರ, ಆಮೇಲೆ ವಿಚಾರಣೆ. ಆ ವಿಚಾರಣೆಯ ಖರ್ಚನ್ನು ಯಾರು ಕೊಡಬೇಕೆಂಬುದಕ್ಕೆ ಮತ್ತೊಂದು ಸುತ್ತು. ನಮ್ಮ ದೇಶದಲ್ಲಿ 5 ಕೋಟಿಗೂ ಹೆಚ್ಚು ಕೇಸುಗಳು ಬಾಕಿ ಇವೆ. ಅಕ್ಕನ ಜೊತೆ ನಾನು ಹೋದ ದಿನಗಳಲ್ಲಿ ಕೋರ್ಟು ಹಾಲಿನ ಹೊರಗೆ ಅಂಟಿಸಿದ ಪಟ್ಟಿಯಲ್ಲಿ ನೂರರ ಹತ್ತಿರ ಕೇಸು ಇರುತ್ತಿದ್ದವು. ಒಂದು ಕೇಸನ್ನು ಕೂಗಿ ಮುಂದಿನ ತಾರೀಖು ಹೇಳುವುದಕ್ಕೆ ಎರಡು ನಿಮಿಷವೂ ಸಿಗದ ನ್ಯಾಯಾಧೀಶರು ನೂರು ಪುಟದ ಬಿಲ್ಲನ್ನು ಸಾಲು ಸಾಲಾಗಿ ನೋಡುವರೆ? ನೋಡುವುದಿಲ್ಲ. ಒಟ್ಟು ಮೊತ್ತಕ್ಕೆ ಅಂದಾಜಿನ ಮೇಲೆ ಒಂದಿಷ್ಟು ಕತ್ತರಿಸಿ ಸಹಿ ಹಾಕುತ್ತಾರೆ. ಅದು ಗೊತ್ತಿದ್ದವರು ಕತ್ತರಿಗೆಂದೇ ಮೊದಲೇ ಸೇರಿಸಿ ಬರೆಯುತ್ತಾರೆ.

ಅಕ್ಕನ ಕೇಸಿನ ತಾರೀಖುಗಳನ್ನು ಅವರ ಮಗಳು ಒಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಿದ್ದಳು. ಸಾಕ್ಷಿ ಬಂದಿಲ್ಲ, ನ್ಯಾಯಾಧೀಶರು ರಜೆ, ಎದುರು ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ಕಲಾಪ ಬಹಿಷ್ಕಾರ, ವರ್ಗಾವಣೆ. ಏನೂ ನಡೆಯದೆ ಮನೆಗೆ ಬಂದ ದಿನಗಳೇ ಹೆಚ್ಚು. ಆ ಪ್ರತಿ ದಿನವೂ ತಮ್ಮನ ವಕೀಲರು ಬೆಂಗಳೂರಿನಿಂದ ಬಂದು ಹೋಗಿದ್ದರು, ಪ್ರತಿ ದಿನಕ್ಕೂ ಫೀಸು ಕೊಡಬೇಕಿತ್ತು. ‘ನಿಜವಾದ ಖರ್ಚು’ ಕೊಡಿಸುವವರು ಈ ಖಾಲಿ ದಿನಗಳ ಹಣವನ್ನೂ ಸೋತವರಿಂದ ಕೊಡಿಸುತ್ತಾರೆಯೆ? ನ್ಯಾಯಾಲಯದ ವಿಳಂಬಕ್ಕೆ ನ್ಯಾಯ ಕೇಳಿ ಬಂದವಳು ದಂಡ ಕಟ್ಟಬೇಕೆ?

ಇನ್ನು, ಭಯ ಹುಟ್ಟಿಸಿದರೆ ಸುಳ್ಳು ಕೇಸು ನಿಲ್ಲುತ್ತದೆ ಎಂಬ ಮಾತು. ಭಯ ಯಾರಿಗೆ ಹುಟ್ಟುತ್ತದೆ? ಕಳೆದುಕೊಳ್ಳಲು ಇಪ್ಪತ್ತು ಗುಂಟೆ ಮಾತ್ರ ಇರುವವನಿಗೆ. ಭೂಮಿ ನುಂಗುವವನಿಗೆ ವಕೀಲರ ಫೀಸು ವ್ಯಾಪಾರದ ಒಂದು ಖರ್ಚು. ಸೋತರೆ ಇನ್ನೊಂದು ನಿವೇಶನದ ಬೆಲೆಗೆ ಸೇರಿಸುತ್ತಾನೆ. ಈ ದೇಶದಲ್ಲಿ ಅತಿ ಹೆಚ್ಚು ದಾವೆಗಳಲ್ಲಿ ಇರುವ ಕಕ್ಷಿದಾರ ಯಾರು? ಸರ್ಕಾರ. ಸರ್ಕಾರ ಸೋತರೆ ಖಜಾನೆಯಿಂದ ಕೊಡುತ್ತದೆ, ಮೇಲ್ಮನವಿಗೆ ಸಹಿ ಹಾಕಿದ ಅಧಿಕಾರಿಯ ಸಂಬಳದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಸುಳ್ಳು ಹೇಳುವ ಸಾಮರ್ಥ್ಯ ಇರುವವರಿಗೆ ಭಯವಿಲ್ಲ, ಭಯವಿರುವವರಿಗೆ ಸುಳ್ಳು ಹೇಳುವ ಸಾಮರ್ಥ್ಯವಿಲ್ಲ. ಈ ಔಷಧ ಯಾವ ರೋಗಿಗೆ?

ಬಡವರಿಗೆ ಉಚಿತ ಕಾನೂನು ನೆರವು ಇದೆಯಲ್ಲ ಎನ್ನುತ್ತಾರೆ. ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಎಲ್ಲ ಮಹಿಳೆಯರಿಗೂ, ಪರಿಶಿಷ್ಟ ಜಾತಿ ಪಂಗಡದವರಿಗೂ ಆ ಹಕ್ಕಿದೆ. ಅದರಿಂದ ಸಿಗುವುದು ತನ್ನ ಪರ ಒಬ್ಬ ವಕೀಲ. ಎದುರಾಳಿ ಕಟ್ಟಿಕೊಂಡ ಮೂವರು ವಕೀಲರ ಬಿಲ್ಲಿನ ಭಯವನ್ನು ಅದು ಕಳೆಯುತ್ತದೆಯೆ? ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಹೊಸ್ತಿಲಲ್ಲಿ ಮುಳ್ಳು ಹರಡಿದರೆ ಒಳಗೆ ಬರುವವರು ಯಾರು? ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂದು ಸಂವಿಧಾನದ 39ಎ ವಿಧಿ ಹೇಳುತ್ತದೆ. ಆ ವಿಧಿಯನ್ನು ಗೋಷ್ಠಿಯ ವೇದಿಕೆಯಲ್ಲಿ ಹೊಗಳುವವರೇ ಅದೇ ವೇದಿಕೆಯಿಂದ ‘ನಿಜವಾದ ಖರ್ಚು’ ಕೇಳುವುದು ನನಗೆ ಸಹಿಸಲಾಗದ ಸಂಗತಿ.

ಹಾಗಾದರೆ ಗೆದ್ದವನಿಗೆ ಏನೂ ಬೇಡವೆ? ಬೇಕು. ನ್ಯಾಯಕ್ಕಾಗಿ ಎಷ್ಟು ಕೆಲಸ ಅಗತ್ಯವಿತ್ತೋ ಅಷ್ಟರ ಬೆಲೆ ಅವನಿಗೆ ಸಿಗಲಿ. ಆ ಬೆಲೆಯನ್ನು ಅವನ ಬಿಲ್ಲು ನಿರ್ಧರಿಸಬಾರದು. ಜರ್ಮನಿಯಲ್ಲಿಯೂ ಸೋತವನೇ ಖರ್ಚು ಕೊಡುತ್ತಾನೆ. ಆದರೆ ಎಷ್ಟು ಎಂಬುದು ಕಾಯ್ದೆಯ ಕೋಷ್ಟಕದಲ್ಲಿದೆ. ದಾವೆಯ ಮೌಲ್ಯ ಇಷ್ಟಾದರೆ ವಕೀಲರ ಶುಲ್ಕ ಇಷ್ಟು ಎಂದು ಯಾರು ಬೇಕಾದರೂ ಮೊದಲೇ ನೋಡಿಕೊಳ್ಳಬಹುದು. ಗೆದ್ದವನು ಅದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಹೆಚ್ಚಿನದು ಅವನದೇ ಹೊರೆ. ಇಂಗ್ಲೆಂಡು ಕೂಡ ಅದೇ ದಾರಿಗೆ ಬರುತ್ತಿದೆ. ಗೆಲುವಿನ ಹೆಚ್ಚುವರಿ ಶುಲ್ಕವನ್ನು ಸೋತವನಿಂದ ವಸೂಲು ಮಾಡುವುದನ್ನು 2013ರ ಏಪ್ರಿಲಿನಲ್ಲಿ ಬಹುತೇಕ ನಿಲ್ಲಿಸಿತು. ದೈಹಿಕ ಹಾನಿಯ ಪರಿಹಾರ ಕೇಳುವವರು ಪ್ರಾಮಾಣಿಕವಾಗಿದ್ದು ಸೋತರೆ ಎದುರಾಳಿಯ ಖರ್ಚಿನಿಂದ ಅವರಿಗೆ ರಕ್ಷಣೆ ಕೊಟ್ಟಿತು. 2023ರ ಅಕ್ಟೋಬರ್ 1ರಿಂದ ಒಂದು ಲಕ್ಷ ಪೌಂಡಿನವರೆಗಿನ ಬಹುಪಾಲು ದಾವೆಗಳಿಗೆ ನಿಗದಿತ ಖರ್ಚನ್ನೇ ತಂದಿತು. ಅವರು ಬಿಟ್ಟು ಹೊರಟ ಮನೆಗೆ ನಾವೇಕೆ ಸಾಮಾನು ಸಾಗಿಸಬೇಕು?

ನಮ್ಮಲ್ಲಿ ಆಗಬೇಕಾದ್ದನ್ನು ನೇರವಾಗಿ ಹೇಳುತ್ತೇನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 122ನೇ ಕಲಮು ಹೈಕೋರ್ಟಿಗೆ, ತನಗೂ ತನ್ನ ಕೆಳಗಿನ ಸಿವಿಲ್ ಕೋರ್ಟುಗಳಿಗೂ ನಿಯಮ ಮಾಡುವ ಅಧಿಕಾರವನ್ನು ಕೊಟ್ಟಿದೆ. ಕರ್ನಾಟಕ ಹೈಕೋರ್ಟು ಆ ಅಧಿಕಾರ ಬಳಸಿ ದಾವೆಯ ಮೌಲ್ಯಕ್ಕೂ ಹಂತಕ್ಕೂ ತಕ್ಕ ಖರ್ಚಿನ ಕೋಷ್ಟಕವನ್ನು ಇಂದಿನ ಬೆಲೆಗೆ ಸರಿಯಾಗಿ ಮಾಡಲಿ, ಮೂರು ವರ್ಷಕ್ಕೊಮ್ಮೆ ಪರಿಷ್ಕರಿಸಲಿ, ಕನ್ನಡದಲ್ಲಿ ಪ್ರತಿ ಕೋರ್ಟಿನ ಗೋಡೆಯ ಮೇಲೆ ಹಾಕಿಸಲಿ. ಸೋತವನು ಕೊಡಬೇಕಾದ ಖರ್ಚು ಅವನು ತನ್ನ ಸ್ವಂತ ವಕೀಲರಿಗೆ ಕೊಟ್ಟದ್ದನ್ನು ಯಾವ ಕಾರಣಕ್ಕೂ ಮೀರಬಾರದು. ಏನೂ ನಡೆಯದ ತಾರೀಖುಗಳ ಫೀಸು ಲೆಕ್ಕಕ್ಕೆ ಬರಬಾರದು. ಬ್ಯಾಂಕಿನ ಮೂಲಕ ಪಾವತಿಯಾಗಿ ರಸೀದಿ ಇಲ್ಲದ ಫೀಸಿಗೆ ಒಂದು ಪೈಸೆಯೂ ಸಿಗಬಾರದು. ತವರಿನ ಆಸ್ತಿಯಲ್ಲಿ ಭಾಗ ಕೇಳುವ ಮಗಳು, ಕೂಲಿ ಬಾಕಿ ಕೇಳುವ ಕಾರ್ಮಿಕ, ಕೆರೆ ಉಳಿಸಲು ಬಂದ ಊರಿನವರು ಪ್ರಾಮಾಣಿಕವಾಗಿ ಹೋರಾಡಿ ಸೋತರೆ ಅವರಿಂದ ಖರ್ಚು ಕೇಳಲೇಬಾರದು.

ಸುಳ್ಳನ್ನು ಶಿಕ್ಷಿಸಬೇಕೆ? ಖಂಡಿತ ಶಿಕ್ಷಿಸಿ. ಸುಳ್ಳು ದಾವೆಗೆ ಪರಿಹಾರ ಕೊಡಿಸುವ 35ಎ ಕಲಮಿನಲ್ಲಿ ಇಂದಿಗೂ ಗರಿಷ್ಠ ಮಿತಿ 3,000 ರೂಪಾಯಿ. ಆ ಮಿತಿಯನ್ನು ಕಿತ್ತುಹಾಕಿ. ಪತ್ರ ತಿದ್ದಿದವನಿಗೆ, ಪ್ರಮಾಣ ಮಾಡಿ ಸುಳ್ಳು ಹೇಳಿದವನಿಗೆ, ಬೇಕೆಂದೇ ತಾರೀಖು ಎಳೆದವನಿಗೆ ದಂಡ ಹಾಕಿ. ಗೆದ್ದವನು ಸುಳ್ಳು ಹೇಳಿದ್ದರೆ ಅವನಿಗೂ ಹಾಕಿ. ಹುರುಳಿಲ್ಲದ ಮೇಲ್ಮನವಿಗೆ ಸಹಿ ಹಾಕಿದ ಅಧಿಕಾರಿಯ ಸಂಬಳದಿಂದ ಮುರಿದುಕೊಳ್ಳಿ. ದಂಡ ತಪ್ಪಿಗೆ ಬೀಳಲಿ, ಸೋಲಿಗೆ ಬೀಳುವುದು ಬೇಡ.

ವಕೀಲ ಮಿತ್ರರಲ್ಲಿಯೂ ಒಂದು ಮಾತು ಕೇಳುತ್ತೇನೆ. ಅಕ್ಕನ ಪರ ಒಂಬತ್ತು ವರ್ಷ ನಿಂತ ತಾಲ್ಲೂಕಿನ ವಕೀಲರು ಆ ಎಂಟು ಸಾವಿರದ ಮೇಲೆ ಅವರು ಕೈಲಾದಾಗ ಕೊಟ್ಟದ್ದನ್ನು ತೆಗೆದುಕೊಂಡು ಕೆಲಸ ಮಾಡಿದರು. ‘ನಿಜವಾದ ಖರ್ಚಿನ’ ಪದ್ಧತಿಯಲ್ಲಿ ಅಂಥವರ ಶ್ರಮಕ್ಕೆ ಬೆಲೆ ಕಡಿಮೆ, ಏಕೆಂದರೆ ಅವರ ಬಿಲ್ಲು ಚಿಕ್ಕದು. ದೊಡ್ಡ ಬಿಲ್ಲಿನವರಿಗೆ ದೊಡ್ಡ ವಸೂಲಿ. ಕೋಷ್ಟಕ ಬಂದರೆ ಇಬ್ಬರ ಕೆಲಸಕ್ಕೂ ಒಂದೇ ಅಳತೆ. ವಕೀಲರ ಸಂಘಗಳು ಯಾವ ವಕೀಲರ ಪರ ನಿಲ್ಲುತ್ತವೆ?

ನಾಳೆ ಇನ್ನೊಬ್ಬ ಹೆಂಗಸು ಇನ್ನೊಂದು ಪ್ಲಾಸ್ಟಿಕ್ ಕವರು ಹಿಡಿದು ಇನ್ನೊಂದು ತಾಲ್ಲೂಕಿನ ವಕೀಲರ ಕಚೇರಿಗೆ ಬರುತ್ತಾಳೆ. ಸೆರಗಿನ ಗಂಟಿನ ಮೇಲೆ ಕೈ ಇಟ್ಟುಕೊಂಡು ಅದೇ ಪ್ರಶ್ನೆ ಕೇಳುತ್ತಾಳೆ: “ಸೋತ್ರೆ ಅವರ ಲಾಯರ್ ದುಡ್ಡೂ ನಾನೇ ಕೊಡ್ಬೇಕಾ?” ವಕೀಲರು ಗೋಡೆಯ ಮೇಲಿನ ಪಟ್ಟಿಯನ್ನು ತೋರಿಸಿ, “ಹೆಚ್ಚೆಂದರೆ ಇಷ್ಟಮ್ಮ, ಇದಕ್ಕಿಂತ ಒಂದು ರೂಪಾಯಿ ಹೆಚ್ಚಿಲ್ಲ” ಎಂದು ಹೇಳುವಂತಿರಬೇಕು. ಆ ಉತ್ತರ ಕೊಡಲಾಗದ ಯಾವ ಸುಧಾರಣೆಯೂ ನಮಗೆ ಬೇಡ. ಹಿರಿಯರ ಗಾದೆ ಎಚ್ಚರಿಕೆಯಾಗಿಯೇ ಉಳಿಯಲಿ. ಅದನ್ನು ತೀರ್ಪಿನ ಕೊನೆಯ ಪುಟದಲ್ಲಿ ಬರೆದು ಮೊಹರು ಒತ್ತುವ ಹಕ್ಕು ಯಾರಿಗೂ ಇಲ್ಲ.